ಜೋಡಿ ತಂತಿ ಮತ್ತು ಖರ್ಜ ಕೂಡದಿದ್ದಾಗ: ಫೋನಿನೊಳಗಿನ ಒಂದು ತಂಬೂರಿಯ ಪ್ರಕರಣ

ಇದು ಧಾರವಾಡದಲ್ಲಿ ನಡೆದದ್ದು. ಇದರಲ್ಲಿ ಇರುವವರು ಒಬ್ಬ ವಿದ್ಯಾರ್ಥಿನಿ, ಅವಳ ಸಂಗೀತದ ಗುರುಗಳು, ಹುಬ್ಬಳ್ಳಿಯಲ್ಲಿ ಚಿಕ್ಕ ಸಾಫ್ಟ್‌ವೇರ್ ಕೆಲಸ ಮಾಡಿಕೊಂಡಿರುವ ನಾನು, ಮತ್ತು ನನ್ನ ಹತ್ತಿರ ಕೆಲಸ ಕಲಿಯಲು ಬಂದಿದ್ದ ಒಬ್ಬ ಇಂಜಿನಿಯರಿಂಗ್ ಹುಡುಗ. ಯಾರ ಹೆಸರನ್ನೂ ಹೇಳುವುದಿಲ್ಲ. ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಾಯಿಸಿದ್ದೇನೆ. ಲೆಕ್ಕಗಳು, ನಮ್ಮ ತಪ್ಪುಗಳು, ತೆಗೆದುಕೊಂಡ ತೀರ್ಮಾನಗಳು ಮಾತ್ರ ಇದ್ದ ಹಾಗೆಯೇ ಇವೆ. ಧ್ವನಿಗೆ ಸಂಬಂಧಿಸಿದ ಪ್ರೋಗ್ರಾಂ ಬರೆಯುವವರಿಗೆ, ಅದರಲ್ಲೂ ಕಣ್ಣು ಕಾಣದವರಿಗಾಗಿ ಏನಾದರೂ ಮಾಡಬೇಕೆನ್ನುವವರಿಗೆ ಉಪಯೋಗ ಆಗಬಹುದು ಎಂದು ಬರೆಯುತ್ತಿದ್ದೇನೆ.

ಹಿನ್ನೆಲೆ

ಹುಡುಗಿ ಗದಗ ಜಿಲ್ಲೆಯ ಒಂದು ಹಳ್ಳಿಯವಳು. ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಹಿಂದುಸ್ತಾನಿ ಗಾಯನ ಕಲಿಯಲು ಧಾರವಾಡಕ್ಕೆ ಬಂದು ಹಾಸ್ಟೆಲ್‌ನಲ್ಲಿ ಇದ್ದಳು. ನಮ್ಮ ಕಡೆ ಇದು ಅಪರೂಪದ ವಿಷಯವೇ ಅಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳಿಗೂ ಕಣ್ಣು ಕಾಣುತ್ತಿರಲಿಲ್ಲ, ಅವರ ಶಿಷ್ಯ ಪುಟ್ಟರಾಜ ಗವಾಯಿಗಳಿಗೂ ಕಾಣುತ್ತಿರಲಿಲ್ಲ. ಆ ಪರಂಪರೆಯಲ್ಲಿ ಎಷ್ಟೋ ಮಕ್ಕಳು ಕಿವಿಯಿಂದಲೇ ವಿದ್ಯೆ ಕಲಿತು ದೊಡ್ಡ ಗಾಯಕರಾಗಿದ್ದಾರೆ. ಇಂಥ ನೆಲದಲ್ಲಿ, ಹಾಡಲು ಬರುವ ಹುಡುಗಿಗೆ ತಂಬೂರಿ ಹಚ್ಚಿಕೊಳ್ಳಲು ಇನ್ನೊಬ್ಬರ ಕಣ್ಣು ಬೇಕಾಗುತ್ತಿತ್ತು. ನನಗೆ ಈ ಕೆಲಸ ಮನಸ್ಸಿಗೆ ತಾಕಿದ್ದು ಅದಕ್ಕೇ.

ಗುರುಗಳ ಮನೆಯಲ್ಲಿ ಮಿರಜದಿಂದ ತಂದ ಒಳ್ಳೆಯ ತಂಬೂರಿ ಇದೆ. ತಂಬೂರಿಗೆ ನಾಲ್ಕು ತಂತಿ. ಮೊದಲನೆಯದು ಸಾಮಾನ್ಯವಾಗಿ ಪಂಚಮ, ನಡುವಿನ ಎರಡು ಒಂದೇ ಷಡ್ಜಕ್ಕೆ (ಸಾ) ಇರುವ ಜೋಡಿ, ಕೊನೆಯದು ಕೆಳಗಿನ ಸಪ್ತಕದ ಷಡ್ಜ, ಅದೇ ಖರ್ಜ. ಆದರೆ ಪಾಠ ವಾರಕ್ಕೆ ಮೂರು ದಿನ ಮಾತ್ರ. ಉಳಿದ ದಿನ ಬೆಳಗಿನ ರಿಯಾಜ್ ಹಾಸ್ಟೆಲ್ ಕೋಣೆಯಲ್ಲಿ. ಅಲ್ಲಿ ತಂಬೂರಿ ಇಡಲು ಜಾಗ ಇಲ್ಲ. ಹಾಗಾಗಿ ಫೋನಿನ ಆ್ಯಪ್. ಅವಳು ಬಳಸುತ್ತಿದ್ದ ಆ್ಯಪ್‌ನಲ್ಲಿ ತಂತಿಗಳ ಚಿತ್ರ ಇತ್ತು, ಬೆರಳಿನಿಂದ ತಿರುಗಿಸುವ ಚಕ್ರ ಇತ್ತು. ನೋಡುವವರಿಗೆ ಚೆಂದ. ಅವಳ ಫೋನಿನಲ್ಲಿ ಪರದೆಯನ್ನು ಓದಿ ಹೇಳುವ ಟಾಕ್‌ಬ್ಯಾಕ್ ಆ ಚಕ್ರವನ್ನು ಮುಟ್ಟಿದರೆ ಏನನ್ನೂ ಹೇಳುತ್ತಿರಲಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದು, ಮಲಗಿರುವ ಗೆಳತಿಯನ್ನು ಎಬ್ಬಿಸಿ, 'ಕರಿ ನಾಲ್ಕಕ್ಕ ಇಟ್ಟ ಕೊಡ' ಎಂದು ಕೇಳಬೇಕಾಗಿತ್ತು. ಕರಿ ನಾಲ್ಕು ಅಂದರೆ ಹಾರ್ಮೋನಿಯಂನ ನಾಲ್ಕನೆಯ ಕರಿ ಮನೆ, ಅವಳ ಶ್ರುತಿ. ಗೆಳತಿ ಪಾಪ ಒಳ್ಳೆಯವಳು. ಆದರೂ ದಿನಾ ಕೇಳುವುದು ಯಾರಿಗೆ ಇಷ್ಟ ಆಗುತ್ತದೆ?

ಗುರುಗಳ ಮಗ ನನ್ನ ಜೊತೆ ಓದಿದವನು. ಅವನ ಮೂಲಕ ವಿಷಯ ನನಗೆ ತಿಳಿಯಿತು. ಅವಳೇ ಹಚ್ಚಿಕೊಳ್ಳುವಂಥ, ಅವಳ ಹಳೆಯ ಫೋನಿನಲ್ಲಿ ನಡೆಯುವಂಥ, ಗುರುಗಳ ಕಿವಿ ಒಪ್ಪುವಂಥ ಒಂದು ತಂಬೂರಿ ಮಾಡಿಕೊಡುತ್ತೇನೆ ಎಂದೆ. ಈ ಮೂರರಲ್ಲಿ ಮೂರನೆಯದು ಎಷ್ಟು ಕಷ್ಟ ಎಂದು ಆಗ ಗೊತ್ತಿರಲಿಲ್ಲ.

ಮೊದಲ ದಾರಿ, ಬಿಟ್ಟ ದಾರಿ

ಮೊದಲು ಸುಲಭದ ದಾರಿ ಹಿಡಿದೆವು. ಗುರುಗಳ ತಂಬೂರಿಯನ್ನು ರೆಕಾರ್ಡ್ ಮಾಡಿ, ಅದನ್ನೇ ಸುತ್ತಿ ಸುತ್ತಿ ನುಡಿಸಿದೆವು. ಸುತ್ತು ಮುಗಿದು ಮತ್ತೆ ಶುರುವಾಗುವ ಕಡೆ ಒಂದು ಹೊಲಿಗೆ ಕೇಳಿಸುತ್ತಿತ್ತು. ಅದನ್ನು ಹೇಗೋ ಮುಚ್ಚಬಹುದಿತ್ತು. ದೊಡ್ಡ ತೊಡಕು ಬೇರೆ ಇತ್ತು. ಗುರುಗಳದು ಗಂಡಸರ ಶ್ರುತಿ, ತಂಬೂರಿ ಕರಿ ಒಂದಕ್ಕೆ ಇತ್ತು. ಹುಡುಗಿಯದು ಕರಿ ನಾಲ್ಕು. ರೆಕಾರ್ಡ್ ಮಾಡಿದ್ದನ್ನು ಅಷ್ಟು ಮೇಲೆ ಎಳೆದರೆ ಜವಾರಿಯ, ಅಂದರೆ ತಂತಿಯ ಝೇಂಕಾರದ, ಬಣ್ಣವೇ ಬದಲಾಗುತ್ತದೆ, ತಂಬೂರಿ ಡಬ್ಬಿಯೊಳಗೆ ಕೂತಂತೆ ಆಗುತ್ತದೆ. ಎರಡು ವಾರದ ಕೆಲಸವನ್ನು ಅಲ್ಲಿಗೇ ಬಿಟ್ಟೆವು. ಧ್ವನಿಯನ್ನು ಹಿಡಿದು ತರುವ ಬದಲು ಹುಟ್ಟಿಸಬೇಕು ಅನ್ನುವುದು ಆಗ ಆದ ತೀರ್ಮಾನ.

ಧ್ವನಿ ಹುಟ್ಟಿಸಲು ಸಿ++ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆಯಬಹುದಿತ್ತು. ನಾನು ಆರಿಸಿದ್ದು ಫೌಸ್ಟ್ ಎಂಬ ಚಿಕ್ಕ ಭಾಷೆಯನ್ನು. ಫ್ರಾನ್ಸಿನ ಲಿಯೋನ್ ಊರಿನ ಗ್ರಾಮ್ ಎಂಬ ಸಂಗೀತ ಕೇಂದ್ರದಲ್ಲಿ 2002ರಲ್ಲಿ ಯಾನ್ ಒರ್ಲಾರೆ ಮತ್ತು ಅವರ ಜೊತೆಗಾರರು ಇದನ್ನು ಶುರು ಮಾಡಿದರು. ಇದು ಫಂಕ್ಷನಲ್ ಭಾಷೆ. ಅಂದರೆ ಇದರಲ್ಲಿ 'ಈಗ ಇದನ್ನು ಮಾಡು, ಆಮೇಲೆ ಅದನ್ನು ಮಾಡು' ಎಂದು ಬರೆಯುವುದಿಲ್ಲ. ಧ್ವನಿ ಎಲ್ಲಿಂದ ಬಂದು, ಯಾವುದರ ಮೂಲಕ ಹಾದು, ಎಲ್ಲಿಗೆ ಹೋಗುತ್ತದೆ ಎಂದು ಬರೆಯುತ್ತೇವೆ. ಒಂದರ ಮುಂದೆ ಒಂದನ್ನು ಜೋಡಿಸಲು ':' ಇದೆ. ಪಕ್ಕಪಕ್ಕದಲ್ಲಿ ಇಡಲು ','. ಒಂದನ್ನು ಹಲವಕ್ಕೆ ಹಂಚಲು '<:', ಹಲವನ್ನು ಒಂದಕ್ಕೆ ಕೂಡಿಸಲು ':>'. ಹೊರಬಂದದ್ದನ್ನು ತಿರುಗಿ ಒಳಗೆ ಬಿಡಲು '~'. ಈ ಐದು ಗುರುತುಗಳಲ್ಲೇ ಭಾಷೆಯ ಬಹುಪಾಲು ಇದೆ. ಬರೆದದ್ದನ್ನು ಫೌಸ್ಟ್ ಸಿ++ಗೂ ಬದಲಾಯಿಸಿ ಕೊಡುತ್ತದೆ, ಬ್ರೌಸರ್‌ನಲ್ಲಿ ಓಡುವ ವೆಬ್‌ಅಸೆಂಬ್ಲಿಗೂ ಬದಲಾಯಿಸಿ ಕೊಡುತ್ತದೆ. ನಮಗೆ ಬೇಕಾಗಿದ್ದು ಎರಡನೆಯದು. ಫೋನಿನ ಬ್ರೌಸರ್ ತೆರೆದರೆ ಸಾಕು, ತಂಬೂರಿ ಅಲ್ಲಿ ಇರಬೇಕು.

ನಾಲ್ಕು ತಂತಿಗಳನ್ನು ಪಕ್ಕಪಕ್ಕ ಇಟ್ಟು ಒಂದಕ್ಕೆ ಕೂಡಿಸು. ಇದು ಫೌಸ್ಟ್‌ನಲ್ಲಿ ಒಂದೇ ಸಾಲು. ನಮ್ಮ ಹುಡುಗ ಆ ಸಾಲು ನೋಡಿ, 'ಸರ್, ಇದು ತಂಬೂರಿ ಥರಾನೇ ಇದೆ ಅಲ್ವಾ' ಎಂದ. ನಿಜ, ನಾಲ್ಕು ತಂತಿ, ಅವು ಹಾದುಹೋಗುವ ಒಂದು ಕುದುರೆ (ಬ್ರಿಜ್), ಒಂದು ಬುರುಡೆ.

ಆದರೆ ಅವನಿಗೆ ಈ ಭಾಷೆ ಒಗ್ಗಲು ಹತ್ತು ದಿನ ಹಿಡಿಯಿತು. ಅವನು ಜಾವಾಸ್ಕ್ರಿಪ್ಟ್ ಕಲಿತವನು. 'ಗುಂಡಿ ಒತ್ತಿದಾಗ ತಂತಿ ಮೀಟು' ಎಂದು ಬರೆಯಲು ಹೋಗುತ್ತಿದ್ದ. ಫೌಸ್ಟ್‌ನಲ್ಲಿ 'ಒತ್ತಿದಾಗ' ಅನ್ನುವುದೇ ಇಲ್ಲ. ಗುಂಡಿಯೂ ಒಂದು ಹರಿವು. ಒತ್ತದೆ ಇದ್ದಾಗ ಸೊನ್ನೆ ಹರಿಯುತ್ತಿರುತ್ತದೆ, ಒತ್ತಿದಾಗ ಒಂದು ಹರಿಯುತ್ತದೆ, ಸೆಕೆಂಡಿಗೆ 48,000 ಸಲ. ಮಲಪ್ರಭಾ ಕಾಲುವೆ ನೋಡಿ ಬೆಳೆದ ಹುಡುಗ ಅವನು, ನವಲಗುಂದ ಕಡೆಯವನು. ತೂಬು ಅಂದುಕೋ ಎಂದೆ. ನೀರು ಯಾವಾಗಲೂ ಕಾಲುವೆಯಲ್ಲೇ ಇರುತ್ತದೆ, ತೂಬು ಎತ್ತಿದರೆ ಹೊಲಕ್ಕೆ ಬರುತ್ತದೆ. ಒತ್ತಿದ ಕ್ಷಣ ಬೇಕಾದರೆ ಈಗಿನ ಬೆಲೆಯಲ್ಲಿ ಹಿಂದಿನ ಬೆಲೆ ಕಳೆ, ಸೊನ್ನೆಗಿಂತ ಹೆಚ್ಚು ಬಂದರೆ ಅದೇ ಆ ಕ್ಷಣ. ಅದಾದ ಮೇಲೆ ಅವನು ಹಿಂದೆ ನೋಡಲಿಲ್ಲ.

ತಂತಿಗೆ ನಾವು ಬಳಸಿದ್ದು ಕೆವಿನ್ ಕಾರ್ಪ್ಲಸ್ ಮತ್ತು ಅಲೆಕ್ಸ್ ಸ್ಟ್ರಾಂಗ್ 1983ರಲ್ಲಿ ಪ್ರಕಟಿಸಿದ ವಿಧಾನ. ಸ್ವಲ್ಪ ಗದ್ದಲದ ಸದ್ದನ್ನು ಒಂದು ಉದ್ದದ ಸಾಲಿಗೆ ಬಿಡುವುದು. ಸಾಲಿನ ಕೊನೆಗೆ ಬಂದದ್ದನ್ನು ಅಕ್ಕಪಕ್ಕದ ಎರಡರ ಸರಾಸರಿ ಮಾಡಿ ಮತ್ತೆ ಮೊದಲಿಗೆ ಬಿಡುವುದು. ಸುತ್ತುತ್ತ ಸುತ್ತುತ್ತ ಗದ್ದಲ ಕರಗಿ ತಂತಿಯ ಸ್ವರ ಉಳಿಯುತ್ತದೆ. ಸಾಲಿನ ಉದ್ದವೇ ತಂತಿಯ ಉದ್ದ. ಕರಿ ನಾಲ್ಕರ ಷಡ್ಜ 207.65 ಹರ್ಟ್ಸ್, ಅಂದರೆ ತಂತಿ ಸೆಕೆಂಡಿಗೆ ಅಷ್ಟು ಸಲ ನಡುಗಬೇಕು. ಸೆಕೆಂಡಿಗೆ 48,000 ಸ್ಯಾಂಪಲ್ (ಸದ್ದಿನ ಒಂದೊಂದು ಅಳತೆ) ಇದ್ದರೆ ಸಾಲಿನ ಉದ್ದ 231.16 ಸ್ಯಾಂಪಲ್. ಖರ್ಜ ಅದರ ಅರ್ಧ ಶ್ರುತಿ, 103.83 ಹರ್ಟ್ಸ್, ಉದ್ದ 462.31. ಪಂಚಮ ಷಡ್ಜದ ಮುಕ್ಕಾಲು. ಲೆಕ್ಕ ಸರಿ ಇತ್ತು. ಪರದೆಯ ಮೇಲೆ ಕಾಣುವ ಮುಖಕ್ಕೆ ಮರದ ಬಣ್ಣ ಬಳಿದು, ಚೆಂದದ ಚಕ್ರಗಳನ್ನು ಬಿಡಿಸಿದೆವು. ಹುಬ್ಬಳ್ಳಿಯಿಂದ ಚಿಗರಿ ಬಸ್ಸು ಹತ್ತಿ ಧಾರವಾಡಕ್ಕೆ ಹೋಗುವಾಗ ದಾರಿಯುದ್ದಕ್ಕೂ ಕೇಳುತ್ತ ಹೋದೆ. ಎಷ್ಟು ಚೆಂದ ಬಂದಿದೆ ಅನ್ನಿಸಿತು.

ಗುರುಗಳ ಮನೆಯ ಸಂಜೆ

ಫೋನನ್ನು ಒಂದು ಸ್ಪೀಕರ್‌ಗೆ ಜೋಡಿಸಿ ಹಚ್ಚಿದೆವು. ಗುರುಗಳು ಕಣ್ಣು ಮುಚ್ಚಿದರು. ಮೂರು ಸುತ್ತು ಆಗಿರಬೇಕು, ಅಷ್ಟೇ.

'ಜೋಡಿ ಒಂದ ಕಡೆ ಹೊಂಟೈತಿ, ಖರ್ಜ ಒಂದ ಕಡೆ ಹೊಂಟೈತಿ. ಕೂಡವಲ್ದು ತಮ್ಮಾ.'

ನಾನು ಫೋನ್ ತೋರಿಸಿದೆ. 'ಗುರುಗಳ, 207.65 ಅಂತನ ಐತ್ರಿ. ಖರ್ಜ ಬರೋಬ್ಬರಿ ಅದರ ಅರ್ಧ ಐತಿ.'

'ನಾ ಅಂಕಿ ಕೇಳಿಲ್ಲ. ತಂತಿ ಕೇಳಾಕತ್ತೀನಿ. ಏರಿ ಇಳ್ಯಾಕತ್ತೈತಿ ನೋಡ.'

ಹುಡುಗಿ ಪಕ್ಕದಲ್ಲಿ ಕೂತಿದ್ದಳು. ಅವಳು ತೊಡೆಯ ಮೇಲೆ ಬೆರಳಿನಿಂದ ಆ ಏರಿಳಿತವನ್ನು ಎಣಿಸಿ ತೋರಿಸಿದಳು. ಆಗ ನನಗೂ ಕೇಳಿಸಿತು. ಸುಮಾರು ಒಂದೂವರೆ ಸೆಕೆಂಡಿಗೆ ಒಂದು ಸಲ ಸದ್ದು ಉಬ್ಬಿ ಇಳಿಯುತ್ತಿತ್ತು. ಬಸ್ಸಿನ ಗದ್ದಲದಲ್ಲಿ ಅದು ಮುಚ್ಚಿಹೋಗಿತ್ತು.

ಅದೇ ಸಂಜೆ ಎರಡನೆಯ ಪೆಟ್ಟು. ಫೋನನ್ನು ಹುಡುಗಿಯ ಕೈಗೆ ಕೊಟ್ಟೆ. ಅವಳು ಪರದೆಯ ಮೇಲೆ ಬೆರಳಾಡಿಸಿದಳು, ಮೇಲಿನಿಂದ ಕೆಳಗೆ, ಮತ್ತೊಮ್ಮೆ. ಟಾಕ್‌ಬ್ಯಾಕ್ ಸುಮ್ಮನಿತ್ತು.

'ಅಣ್ಣಾ, ಇದರಾಗ ಗುಂಡಿ ಎಲ್ಲ್ಯವ್ರಿ?'

ನನಗೆ ತಲೆ ಎತ್ತಲು ಆಗಲಿಲ್ಲ. ಯಾರಿಗಾಗಿ ಮಾಡಲು ಹೊರಟಿದ್ದೆವೋ ಅವಳೇ ಮುಟ್ಟಲು ಆಗದ್ದನ್ನು ಮಾಡಿ ತಂದಿದ್ದೆವು. ಮೊದಲಿನ ಆ್ಯಪ್‌ನವರು ಮಾಡಿದ್ದನ್ನೇ ನಾವೂ ಮಾಡಿದ್ದೆವು. ಚಕ್ರವನ್ನು ಚಿತ್ರವಾಗಿ ಬಿಡಿಸಿದರೆ ಪರದೆ ಓದುವ ಸಾಧನಕ್ಕೆ ಅಲ್ಲಿ ಏನೂ ಇರುವುದಿಲ್ಲ, ಬರೀ ಬಣ್ಣ. 'ಕೊನೆಗೆ ಸೇರಿಸೋಣ' ಎಂದು ಅದನ್ನು ಮುಂದೂಡಿದ್ದು ನನ್ನ ತೀರ್ಮಾನ. ಈ ಇಡೀ ಕೆಲಸದಲ್ಲಿ ನಾನು ಮಾಡಿದ ಅತಿ ಕೆಟ್ಟ ತೀರ್ಮಾನ ಅದೇ. ಹೊತ್ತು ಹೋಯಿತು ಎಂಬ ಕಾರಣಕ್ಕಲ್ಲ. ಅವಳ ಕೈಗೆ ಮೊದಲ ದಿನವೇ ಒಂದು ಬೋಳು ಪುಟ ಕೊಟ್ಟಿದ್ದರೆ, ಏನು ಬೇಕು ಎಂದು ಅವಳೇ ಹೇಳುತ್ತಿದ್ದಳು.

ಚಿತ್ರದೊಳಗಿನ ಚಿಕ್ಕ ಚೌಕ

ಮೊದಲು ಶ್ರುತಿ. ಹುಬ್ಬಳ್ಳಿಗೆ ಬಂದು, ಪರದೆಯ ಅಂಕಿಯನ್ನು ನಂಬುವುದು ಬಿಟ್ಟೆವು. ಆ ಅಂಕಿ ನಾವು ಕೇಳಿದ್ದು, ತಂತಿ ಕೊಟ್ಟದ್ದಲ್ಲ. ಹೊರಬರುವ ಸದ್ದನ್ನು ರೆಕಾರ್ಡ್ ಮಾಡಿ ಅಳೆದೆವು. ಜೋಡಿ ತಂತಿ 206.3 ಬಂತು. ಖರ್ಜ 103.5. ಖರ್ಜದ ಎರಡರಷ್ಟು ಸುಮಾರು 207. ಎರಡಕ್ಕೂ ನಡುವೆ ಮುಕ್ಕಾಲು ಹರ್ಟ್ಸ್‌ಗಿಂತ ಸ್ವಲ್ಪ ಕಡಿಮೆ ಅಂತರ. ಎರಡು ಶ್ರುತಿಗಳ ನಡುವೆ ಎಷ್ಟು ಹರ್ಟ್ಸ್ ಅಂತರ ಇದೆಯೋ ಸೆಕೆಂಡಿಗೆ ಅಷ್ಟು ಸಲ ಸದ್ದು ಏರಿ ಇಳಿಯುತ್ತದೆ. ಅವಳು ಬೆರಳಿನಿಂದ ಎಣಿಸಿದ್ದು ಅದನ್ನೇ. ಜೋಡಿ ತಂತಿಗಳು ಎರಡೂ ಒಂದೇ ಅಳತೆಯಲ್ಲಿ ತಪ್ಪಿದ್ದರಿಂದ ತಮ್ಮೊಳಗೆ ಕೂಡಿದ್ದವು. ಖರ್ಜದ ತಪ್ಪು ಬೇರೆ ಅಳತೆಯದು. ಎಲ್ಲ ತಂತಿಯೂ ಒಂದೇ ಪ್ರಮಾಣದಲ್ಲಿ ಇಳಿದಿದ್ದರೆ ತಂಬೂರಿ ಸ್ವಲ್ಪ ಕೆಳಗಿದೆ ಅನ್ನಿಸುತ್ತಿತ್ತು, ಇಷ್ಟು ಕೆಡುತ್ತಿರಲಿಲ್ಲ.

ಎಲ್ಲೋ ಸಾಲಿನ ಉದ್ದ ಹೆಚ್ಚಾಗಿದೆ. ಎಷ್ಟು? ಹಿಂದಕ್ಕೆ ಲೆಕ್ಕ ಹಾಕಿದರೆ ಎರಡೂ ತಂತಿಯಲ್ಲಿ ಒಂದೂವರೆ ಸ್ಯಾಂಪಲ್. 231.16 ಇರಬೇಕಾದ ಕಡೆ 232.66. ಅರ್ಧ ಸ್ಯಾಂಪಲ್ ಎಲ್ಲಿಂದ ಎಂದು ಬೇಗ ತಿಳಿಯಿತು. ಅಕ್ಕಪಕ್ಕದ ಎರಡರ ಸರಾಸರಿ ತೆಗೆದರೆ ಸದ್ದು ಅರ್ಧ ಸ್ಯಾಂಪಲ್ ಹಿಂದೆ ಬೀಳುತ್ತದೆ. ಆ ಇನ್ನೊಂದು ಪೂರ್ತಿ ಸ್ಯಾಂಪಲ್?

ಫೌಸ್ಟ್‌ಗೆ ಒಂದು ಒಳ್ಳೆಯ ಗುಣ ಇದೆ. ಬರೆದ ಪ್ರೋಗ್ರಾಂ ಅನ್ನು ನಕ್ಷೆಯಾಗಿ ಬಿಡಿಸಿ ಕೊಡುತ್ತದೆ. ಡಬ್ಬಿಗಳು, ಗೆರೆಗಳು, ಯಾವುದು ಯಾವುದಕ್ಕೆ ಹೋಗುತ್ತದೆ ಎಂದು. ಆ ನಕ್ಷೆಯನ್ನು ನಾವು ಮೊದಲ ವಾರವೇ ಗೋಡೆಗೆ ಅಂಟಿಸಿದ್ದೆವು. ಹುಡುಗ ಅದರ ಮುಂದೆ ಚಹಾ ಕುಡಿಯುತ್ತ ನಿಂತಿದ್ದವನು, 'ಸರ್, ಇದು ಏನು?' ಎಂದ. ತಿರುಗಿ ಒಳಗೆ ಹೋಗುವ ಗೆರೆಯ ಮೇಲೆ ಒಂದು ಚಿಕ್ಕ ಚೌಕ. ನಾನು ಅದನ್ನು ಅಲಂಕಾರ ಅಂದುಕೊಂಡಿದ್ದೆ. ಅದು ಒಂದು ಸ್ಯಾಂಪಲ್ ತಡ ಎಂಬ ಗುರುತು. '~' ಬಳಸಿದಾಗಲೆಲ್ಲ ಫೌಸ್ಟ್ ತಾನಾಗಿ ಒಂದು ಸ್ಯಾಂಪಲ್ ತಡ ಹಾಕುತ್ತದೆ. ಹಾಕಲೇಬೇಕು. ಈಗ ಹೊರಬರುವುದು ಈಗಲೇ ಒಳಗೆ ಬರಬೇಕೆಂದರೆ ಯಾವುದನ್ನು ಮೊದಲು ಲೆಕ್ಕ ಮಾಡುವುದು? ಭಾಷೆಯ ಕೈಪಿಡಿಯಲ್ಲಿ ಇದು ಇದೆ. ನಾನು ಓದಿದ್ದೆ ಕೂಡ. ನನ್ನ ತಂತಿಗೆ ಇದು ತಾಗುತ್ತದೆ ಎಂದು ಹೊಳೆದಿರಲಿಲ್ಲ.

ಉದ್ದದಲ್ಲಿ ಒಂದೂವರೆ ಕಳೆದೆವು. ಒಂದೇ ಜಾಗ, ಕೆಲವೇ ಅಕ್ಷರದ ಬದಲಾವಣೆ. ಜೋಡಿ 207.65ಕ್ಕೆ ಬಂತು, ಖರ್ಜ 103.83ಕ್ಕೆ. ಆಮೇಲೆ ಹುಡುಕಿ ನೋಡಿದರೆ, 1983ರಲ್ಲೇ ಡೇವಿಡ್ ಜಾಫೆ ಮತ್ತು ಜೂಲಿಯಸ್ ಸ್ಮಿತ್ ಈ ವಿಧಾನವನ್ನು ಬೆಳೆಸುತ್ತ, ಶ್ರುತಿ ಸರಿಪಡಿಸುವುದು ಹೇಗೆ ಎಂದು ಬರೆದಿದ್ದರು. ಅದನ್ನು ಮೊದಲೇ ಓದಬೇಕಿತ್ತು.

ಈ ತಪ್ಪು ಎಷ್ಟು ಚಿಕ್ಕದು ಎಂದು ನೋಡಿ. ಹಾರ್ಮೋನಿಯಂನ ಪಕ್ಕಪಕ್ಕದ ಎರಡು ಸ್ವರಗಳ ನಡುವಿನ ಅಂತರವನ್ನು 100 ಸೆಂಟ್ ಅಂದರೆ, ಜೋಡಿ ತಂತಿ 11 ಸೆಂಟ್ ಇಳಿದಿತ್ತು, ಖರ್ಜ ಆರಕ್ಕಿಂತ ಸ್ವಲ್ಪ ಕಡಿಮೆ. ಬೇರೆ ವಾದ್ಯದಲ್ಲಾದರೆ ಹೆಚ್ಚಿನವರ ಗಮನಕ್ಕೆ ಬರಲಿಕ್ಕಿಲ್ಲ. ತಂಬೂರಿಯಲ್ಲಿ ಅದೇ ಎಲ್ಲ. ಗಾಯಕಿ ಇಡೀ ದಿನ ಅದರ ಮೇಲೆ ಕಿವಿ ಇಟ್ಟು ಸ್ವರ ಹಚ್ಚುತ್ತಾಳೆ. ಓರೆ ಗೋಡೆಗೆ ಒರಗಿ ನೆಟ್ಟಗೆ ನಿಲ್ಲಲು ಕಲಿಯುವುದು ಹೇಗೆ?

ಮುಖ ತೆಗೆದು ಹಾಕಿದ್ದು

ಎರಡನೆಯ ಕೆಲಸ ಇನ್ನೂ ದೊಡ್ಡದು ಎಂದು ಹೆದರಿದ್ದೆ. ಫೌಸ್ಟ್ ಇಲ್ಲಿ ನಮ್ಮನ್ನು ಕಾಪಾಡಿತು. ಈ ಭಾಷೆಯನ್ನು ಕಟ್ಟಿದವರ ಬಗ್ಗೆ ನನಗೆ ಗೌರವ ಹುಟ್ಟಿದ್ದೂ ಇಲ್ಲೇ.

ಫೌಸ್ಟ್‌ನಲ್ಲಿ ಗುಂಡಿ, ಸ್ಲೈಡರ್, ಅಂಕಿ ತುಂಬುವ ಜಾಗ ಇವೆಲ್ಲ ಭಾಷೆಯ ಮಾತುಗಳೇ. ಧ್ವನಿಯ ಲೆಕ್ಕದ ನಡುವೆಯೇ 'ಇಲ್ಲಿ ಒಂದು ಸ್ಲೈಡರ್, ಹೆಸರು ಇದು, ಶುರುವಿಗೆ ಇಷ್ಟು, ಕಡಿಮೆ ಎಂದರೆ ಇಷ್ಟು, ಹೆಚ್ಚೆಂದರೆ ಇಷ್ಟು, ಒಂದು ಹೆಜ್ಜೆ ಇಷ್ಟು' ಎಂದು ಬರೆಯುತ್ತೇವೆ. ಅದು ಎಲ್ಲಿ ಕೂರಬೇಕು, ಯಾವ ಬಣ್ಣ, ಎಷ್ಟು ದೊಡ್ಡದು ಎಂದು ಬರೆಯುವುದಿಲ್ಲ. ಚಕ್ರದಂತೆ ಕಾಣಲಿ ಎಂದು ಹೆಸರಿನ ಪಕ್ಕ ಒಂದು ಸೂಚನೆ ಕೊಡಬಹುದು, ಅಷ್ಟೇ. ಮುಖ ಬಿಡಿಸುವ ಕೆಲಸ ಬೇರೆಯವರದು. ಪ್ರೋಗ್ರಾಂ ಜೊತೆಗೆ ಫೌಸ್ಟ್ ಒಂದು ಜೇಸನ್ ಪಟ್ಟಿ ಕೊಡುತ್ತದೆ. ಯಾವ ಯಾವ ಗುಂಡಿ ಇವೆ, ಏನು ಹೆಸರು, ಎಷ್ಟರಿಂದ ಎಷ್ಟರವರೆಗೆ ಎಂದು. ನಾವು ಆ ಪಟ್ಟಿ ಓದಿ ಚಕ್ರ ಬಿಡಿಸಿದ್ದೆವು. ಅದೇ ಪಟ್ಟಿ ಓದಿ ಬೇರೆ ಏನನ್ನಾದರೂ ಮಾಡಬಹುದು.

ಹಾಗಾಗಿ ಬಿಡಿಸಿದ್ದ ಮುಖವನ್ನು ಪೂರ್ತಿ ತೆಗೆದು ಹಾಕಿದೆವು. ಹುಡುಗನಿಗೆ ಬೇಜಾರಾಯಿತು, ಮರದ ಬಣ್ಣಕ್ಕೆ ಅವನು ಮೂರು ರಾತ್ರಿ ಕೂತಿದ್ದ. ಹೊಸ ಪುಟದಲ್ಲಿ ಬ್ರೌಸರ್‌ನ ಸಾದಾ ಗುಂಡಿಗಳು ಮಾತ್ರ. ಪ್ರತಿಯೊಂದಕ್ಕೂ ಕನ್ನಡದ ಹೆಸರು. ಧ್ವನಿಯ ಕಡೆ ಒಂದು ಸಾಲನ್ನೂ ಮುಟ್ಟಬೇಕಾಗಲಿಲ್ಲ.

ಈ ಸಲ ಹುಡುಗಿಯನ್ನು ಕೂರಿಸಿಕೊಂಡೇ ಮಾಡಿದೆವು. ಮೊದಲ ಕಲಿಕೆ ಹರ್ಟ್ಸ್ ಬಗ್ಗೆ. ನಮ್ಮ ಸ್ಲೈಡರ್ ಹರ್ಟ್ಸ್‌ನಲ್ಲಿ ಇತ್ತು. ಅವಳಿಗೆ ಆ ಅಂಕಿಯಿಂದ ಏನು ಪ್ರಯೋಜನ? ಅವಳ ಲೋಕದಲ್ಲಿ ಇರುವುದು ಕರಿ ನಾಲ್ಕು. ಅದಾದ ಮೇಲೆ ಸ್ವಲ್ಪ ಏರಿಸು, ಸ್ವಲ್ಪ ಇಳಿಸು. ಅಂದರೆ ಬಿರಡೆ ಮತ್ತು ಮಣಿ. ನಿಜವಾದ ತಂಬೂರಿಯಲ್ಲಿ ಬಿರಡೆ ತಿರುಗಿಸಿ ಸುಮಾರಾಗಿ ತಂದು, ಮಣಿ ಸರಿಸಿ ನಿಖರವಾಗಿ ಕೂಡಿಸುತ್ತಾರೆ. ನಾವು ಆ ಒಂದು ಸ್ಲೈಡರ್ ಒಡೆದು ಎರಡು ಮಾಡಿದೆವು. ಒಂದಕ್ಕೆ 'ಬಿರಡೆ' ಎಂದೇ ಹೆಸರು, ಹನ್ನೆರಡು ಸ್ವರದ ಮನೆಗಳು. ಇನ್ನೊಂದಕ್ಕೆ 'ಮಣಿ', 50 ಸೆಂಟ್ ಮೇಲೆ, 50 ಸೆಂಟ್ ಕೆಳಗೆ. ಎಳೆಯುವ ಸ್ಲೈಡರ್ ಬದಲು ಎರಡೆರಡು ಗುಂಡಿ, 'ಏರಿಸು', 'ಇಳಿಸು'. ಅವಳಿಗೆ ವಿವರಿಸಿ ಹೇಳುವ ಅಗತ್ಯವೇ ಬೀಳಲಿಲ್ಲ.

ಎರಡನೆಯದನ್ನು ನಾನು ಊಹಿಸಿರಲಿಲ್ಲ. ಗುಂಡಿ ಒತ್ತಿದಾಗಲೆಲ್ಲ ಹೊಸ ಬೆಲೆಯನ್ನು ಫೋನ್ ಓದಿ ಹೇಳುವಂತೆ ಮಾಡಿದ್ದೆವು. ಬಿರಡೆಗೆ ಅದು ಸರಿ ಎಂದಳು. ಮಣಿಗೆ ಬೇಡ ಎಂದಳು. 'ಸುರ ಕೇಳಿದ್ರ ಗೊತ್ತಾಗ್ತೈತಲ್ಲಣ್ಣ. ಅದು ಮಾತಾಡಿದ್ರ ಸುರಾನ ಕೇಳ್ಸೂದಿಲ್ಲ.' ಕಣ್ಣು ಕಾಣದವರಿಗೆ ಎಲ್ಲವನ್ನೂ ಓದಿ ಹೇಳಬೇಕು ಎಂದು ನಾನು ತಿಳಿದಿದ್ದೆ. ಧ್ವನಿಯ ಸಾಧನದಲ್ಲಿ ಧ್ವನಿಯೇ ಉತ್ತರ. ಅದರ ಮೇಲೆ ಮಾತು ಹಾಕಿದರೆ ಕಾಣುವವರ ಮುಂದೆ ಕೈ ಅಡ್ಡ ಹಿಡಿದ ಹಾಗೆ.

ಇನ್ನೊಂದು ಚಿಕ್ಕ ವಿಷಯ. ಬಳಕೆದಾರರು ಏನನ್ನಾದರೂ ಒತ್ತುವವರೆಗೆ ಫೋನಿನ ಬ್ರೌಸರ್ ಸದ್ದು ಹೊರಡಿಸುವುದಿಲ್ಲ. ಪುಟ ತೆರೆದರೂ ಮೌನ. ಕಾಣುವವರು ಗುಂಡಿ ಹುಡುಕಿ ಒತ್ತುತ್ತಾರೆ, ಕಾಣದವರು ಕೆಟ್ಟಿದೆ ಅಂದುಕೊಳ್ಳುತ್ತಾರೆ. ಪುಟದಲ್ಲಿ ಎಲ್ಲಕ್ಕಿಂತ ಮೊದಲು 'ತಂಬೂರಿ ಶುರು ಮಾಡು' ಎಂಬ ಗುಂಡಿ ಇಟ್ಟೆವು.

ಉಳಿದ ತೊಡಕುಗಳು

ಫೋನ್ ಬಿಸಿಯಾಗುತ್ತಿತ್ತು. ಮಾಲಕಂಸದಂಥ ರಾಗದಲ್ಲಿ ಪಂಚಮ ಇಲ್ಲ, ಮೊದಲ ತಂತಿಯನ್ನು ಮಧ್ಯಮಕ್ಕೆ ಇಡಬೇಕು. ಮಾರವಾಕ್ಕೆ ನಿಷಾದ. ಹುಡುಗ ಮೂರು ತಂತಿ ಬರೆದು, ಬೇಕಾದ್ದನ್ನು ಆರಿಸುವಂತೆ ಮಾಡಿದ್ದ. ಆದರೆ ಫೌಸ್ಟ್‌ನಲ್ಲಿ ಆರಿಸುವುದು ಎಂದರೆ ಉಳಿದದ್ದನ್ನು ನಿಲ್ಲಿಸುವುದಲ್ಲ. ಎಲ್ಲ ಕವಲುಗಳೂ ಯಾವಾಗಲೂ ಹರಿಯುತ್ತಿರುತ್ತವೆ, ಕೊನೆಯಲ್ಲಿ ಒಂದನ್ನು ಕೇಳುತ್ತೇವೆ, ಅಷ್ಟೇ. ಕೇಳದ ಎರಡು ತಂತಿಗಳು ಸುಮ್ನೆ ಬ್ಯಾಟರಿ ತಿನ್ನುತ್ತಿದ್ದವು. ತಂತಿಯನ್ನು ಆರಿಸುವ ಬದಲು ತಂತಿಯ ಶ್ರುತಿಯನ್ನು ಆರಿಸಿದೆವು. ಪಂಚಮಕ್ಕೆ ಷಡ್ಜದ ಮುಕ್ಕಾಲು, ಮಧ್ಯಮಕ್ಕೆ ಮೂರರಲ್ಲಿ ಎರಡು, ನಿಷಾದಕ್ಕೆ ಹದಿನಾರರಲ್ಲಿ ಹದಿನೈದು, ಈ ಮೂರರಲ್ಲಿ ಒಂದು. ಒಂದೇ ತಂತಿ ಸಾಕಾಯಿತು.

ಬಿರಡೆ ಬದಲಿಸಿದಾಗ ಟಪ್ ಎಂಬ ಸದ್ದು ಬರುತ್ತಿತ್ತು. ಬದಲಾವಣೆಯನ್ನು ಮೆತ್ತಗೆ ಮಾಡುವ ಫಂಕ್ಷನ್ ಫೌಸ್ಟ್‌ನಲ್ಲಿ ಸಿದ್ಧವಾಗಿದೆ, ಅದನ್ನು ಹಾಕಿದೆವು. ಈಗ ತಂಬೂರಿ ಮೀಂಡ್ ತೆಗೆಯಲು, ಅಂದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಲು, ಶುರು ಮಾಡಿತು! ಗುರುಗಳು ಕೈ ಅಡ್ಡ ಮಾಡಿ ಬೇಡ ಎಂದರು. ಮೆತ್ತಗಾಗುವುದನ್ನು ದನಿ ಜೋರು ಮಾಡುವ, ಸಣ್ಣ ಮಾಡುವ ಕಡೆಗೆ ಮಾತ್ರ ಉಳಿಸಿ, ಹೊಸ ಶ್ರುತಿಯನ್ನು ಮುಂದಿನ ಸಲ ತಂತಿ ಮೀಟುವ ಕ್ಷಣದಲ್ಲೇ ತೆಗೆದುಕೊಳ್ಳುವಂತೆ ಮಾಡಿದೆವು.

ಮೀಟುವ ಗತಿಯದು ಇನ್ನೊಂದು ಪಾಠ. ನಾಲ್ಕೂ ತಂತಿಗಳನ್ನು ಗಡಿಯಾರದಂತೆ ಸಮನಾಗಿ ಮೀಟಿದ್ದೆವು. ಎರಡು ದಿನ ಅದರ ಜೊತೆ ಹಾಡಿದ ಮೇಲೆ ಹುಡುಗಿಯ ಆಲಾಪ ಗತಿಗೆ ಸಿಕ್ಕಿಬಿದ್ದಿತ್ತು. 'ತಂಬೂರಿ ತಾಳ ಹಾಕಬಾರದವ್ವ, ನೀನು ಅದರ ಕೂಡ ನಡ್ಯಾಕತ್ತಿ' ಎಂದು ಗುರುಗಳು ಅವಳಿಗೆ ಹೇಳಿದ್ದು, ನನಗೂ ಸೇರಿಸಿ. ಖರ್ಜದ ನಂತರ ಸ್ವಲ್ಪ ಹೆಚ್ಚು ಬಿಡುವು ಕೊಟ್ಟು, ಪ್ರತಿ ಮೀಟಿಗೂ ಕೈಯ ಅಂದಾಜಿನಷ್ಟು ಹೆಚ್ಚು ಕಡಿಮೆ ಬೆರೆಸಿದೆವು. ಅದು ಎಷ್ಟಿರಬೇಕು ಎಂದು ಗುರುಗಳು ನಿಜವಾದ ತಂಬೂರಿ ಮೀಟುವುದನ್ನು ಅಳೆದೇ ಹಾಕಿದ್ದು.

ಜವಾರಿ ಮಾತ್ರ ಪೂರ್ತಿ ಒಲಿಯಲಿಲ್ಲ. ತಂಬೂರಿಯ ಕುದುರೆ ಚಪ್ಪಟೆಯಾಗಿ ಬಾಗಿರುತ್ತದೆ, ತಂತಿಯ ಕೆಳಗೆ ದಾರ ಇರುತ್ತದೆ. ತಂತಿ ನಡುಗುವಾಗ ಕುದುರೆಯನ್ನು ತಾಗುತ್ತ ಬಿಡುತ್ತ ಇರುವುದರಿಂದ ಆ ಝೇಂಕಾರ. ಸಿ.ವಿ. ರಾಮನ್ 1921ರಲ್ಲೇ ನಮ್ಮ ತಂತಿ ವಾದ್ಯಗಳ ಈ ಗುಣದ ಬಗ್ಗೆ ಬರೆದಿದ್ದಾರೆ. ತಂತಿಯ ಅಲುಗಾಟ ಹೆಚ್ಚಿದ್ದಾಗ ಸಾಲಿನ ಉದ್ದ ಸ್ವಲ್ಪ ಬದಲಾಗುವಂತೆ ಮಾಡಿ ಅದರ ಹತ್ತಿರ ಹೋದೆವು. ಗುರುಗಳು 'ನಡೀತೈತಿ' ಎಂದರು. 'ಚಲೋ ಐತಿ' ಎನ್ನಲಿಲ್ಲ. ಎರಡರ ನಡುವೆ ಇರುವ ದೂರ ನನಗೆ ಗೊತ್ತು, ಅದು ಇನ್ನೂ ನನ್ನ ತಲೆಯಲ್ಲಿದೆ.

ಕೆಟ್ಟ ತಂತಿಯ ಉಪಯೋಗ

ಈಗ ಹುಡುಗಿ ಬೆಳಿಗ್ಗೆ ಐದಕ್ಕೆ ತಾನೇ ಹಚ್ಚಿಕೊಳ್ಳುತ್ತಾಳೆ. ಗೆಳತಿ ಮಲಗಿರುತ್ತಾಳೆ. ನಾವು ಹೊರಟಿದ್ದ ಕೆಲಸ ಅಲ್ಲಿಗೆ ಮುಗಿದಿತ್ತು. ಆದರೆ ಒಂದು ದಿನ ಅವಳು ಫೋನ್ ಮಾಡಿದಳು.

'ಅಣ್ಣಾ, ಮೊದಲ ಕೆಟ್ಟಿತ್ತಲ್ರಿ, ಹಂಗ ಒಂದ್ಸಲ ಕೆಡಿಸಿ ಕೊಡ್ತೀರೇನ್ರಿ?'

ನನಗೆ ಅರ್ಥವಾಗಲಿಲ್ಲ. ಅವಳು ವಿವರಿಸಿದಳು. ಗುರುಗಳ ತಂಬೂರಿಯನ್ನು ಅವಳೇ ಕೂಡಿಸಲು ಕಲಿಯಬೇಕು. ಪಾಠದ ಹೊತ್ತಿನಲ್ಲಿ ಅದಕ್ಕೆ ಸಮಯ ಸಿಗುವುದಿಲ್ಲ, ಮತ್ತೆ ಮತ್ತೆ ಬಿರಡೆ ತಿರುಗಿಸಿದರೆ ತಂತಿ ಹರಿಯುವ ಭಯ. ಆ ಮೊದಲ ದಿನ ಜೋಡಿ ಮತ್ತು ಖರ್ಜ ಏರಿಳಿಯುತ್ತಿದ್ದವಲ್ಲ, ಅದು ಅವಳ ಕಿವಿಯಲ್ಲಿ ಉಳಿದಿತ್ತು. ಅದನ್ನು ತಾನೇ ನಿಲ್ಲಿಸಿ ನೋಡಬೇಕು ಎಂಬ ಆಸೆ.

ಒಂದು ಗುಂಡಿ ಸೇರಿಸಿದೆವು, 'ಕೆಡಿಸು' ಎಂದು. ಒತ್ತಿದರೆ ನಾಲ್ಕರಲ್ಲಿ ಯಾವುದಾದರೂ ಒಂದು ತಂತಿ 20 ಸೆಂಟ್ ಒಳಗೆ ಎಷ್ಟಾದರೂ ಏರುತ್ತದೆ ಅಥವಾ ಇಳಿಯುತ್ತದೆ. ಯಾವುದು, ಎಷ್ಟು ಎಂದು ಫೋನ್ ಹೇಳುವುದಿಲ್ಲ. ಪ್ರತಿ ತಂತಿಗೂ ಒಂದೊಂದು ಮಣಿ ಕೊಟ್ಟೆವು. ಫೌಸ್ಟ್ ಕಡೆ ತಂತಿಗೊಂದು ಅಂಕಿಯ ಜಾಗ ಸೇರಿತು, ಜೇಸನ್ ಪಟ್ಟಿ ತಾನಾಗಿ ಬೆಳೆಯಿತು, ಪುಟದಲ್ಲಿ ಗುಂಡಿಗಳು ತಾವಾಗಿ ಬಂದವು. ಅರ್ಧ ದಿನದ ಕೆಲಸ.

ಎರಡು ತಿಂಗಳ ನಂತರ ಗುರುಗಳ ಮನೆಗೆ ಹೋಗಿದ್ದೆ. ಮಳೆಗಾಲ, ಥಂಡಿಗೆ ಮಿರಜದ ತಂಬೂರಿ ಇಳಿದಿತ್ತು. ಗುರುಗಳು ಅದನ್ನು ಅವಳ ತೊಡೆಯ ಮೇಲೆ ಇಟ್ಟು ಸುಮ್ಮನೆ ಕೂತರು. ಅವಳು ಜೋಡಿ ಮೀಟಿದಳು, ಖರ್ಜ ಮೀಟಿದಳು. ಬಿರಡೆ ಒಂದಿಷ್ಟು ತಿರುಗಿಸಿ, ಕುದುರೆಯ ಕೆಳಗಿನ ಮಣಿಯನ್ನು ಹೆಬ್ಬೆರಳಿನಿಂದ ನೂಕಿದಳು, ಮತ್ತೆ ಮೀಟಿದಳು. ಏರಿಳಿತ ನಿಧಾನವಾಯಿತು. ಇನ್ನೂ ನಿಧಾನವಾಯಿತು. ಆಮೇಲೆ ಇರಲಿಲ್ಲ. ಗುರುಗಳು ಕೈ ಚಾಚಿ ಮುಟ್ಟಿ ನೋಡಲಿಲ್ಲ.

'ಹಾಂ' ಎಂದರು. 'ಸಾ ಹಚ್ಚು.'